ಫರಸಿ ನಾಡಿನಲ್ಲಿ ಈಜು, ಸೈಕಲ್, ಓಟ

ಸೇಡಂನಲ್ಲಿ ಬೆಳಗಿನ ಐದು ಗಂಟೆಗೆ ಎಚ್ಚರವಾಗಿರುವುದು ಎರಡೇ: ಸಿಮೆಂಟ್ ಕಾರ್ಖಾನೆಯ ದೀಪಗಳು ಮತ್ತು ಚಹಾದಂಗಡಿಯ ಒಲೆ. ಈ ಜನವರಿಯಿಂದ ಅವೆರಡರ ಜತೆ ನಾನೂ ಸೇರಿಕೊಂಡೆ. ತಲೆಗೆ ಹೆಲ್ಮೆಟ್, ಮೊಣಕಾಲ ಮೇಲಿನ ಚಡ್ಡಿ, ಯಾರೋ ಬಳಸಿ ಬಿಟ್ಟ ಗೇರ್ ಸೈಕಲ್. ಮೊದಲ ದಿನ ಚಹಾದಂಗಡಿಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಯಾಕ್ರಿ ಸರ್, ಗಾಡಿ ಕೆಟ್ಟದೇನು?” ಎಂದರು. ಇಲ್ಲ, ಅಭ್ಯಾಸ ಮಾಡುತ್ತಿದ್ದೇನೆ ಎಂದೆ. “ಯಾವ ಪರೀಕ್ಷಾಕ್ರಿ?” ಎಂದು ಕೇಳಿದರು. ಹೈಸ್ಕೂಲು ಮಾಸ್ತರನೊಬ್ಬ ಅಭ್ಯಾಸ ಎಂದರೆ ನಮ್ಮ ಕಡೆ ಬೇರೇನು ಕೇಳಿಯಾರು?

ಪರೀಕ್ಷೆಯ ಹೆಸರು ಟ್ರಯಥ್ಲಾನ್. ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ಮೂರನ್ನೂ ನಡುವೆ ಬಿಡುವಿಲ್ಲದೆ ಒಂದೇ ಸಲ ಮುಗಿಸಬೇಕು. ಒಲಿಂಪಿಕ್ಸ್‌ನಲ್ಲಿ 2000ದ ಸಿಡ್ನಿ ಕೂಟದಿಂದ ಇದು ಇದೆ. ಅಲ್ಲಿ ಒಂದೂವರೆ ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ಹೊಸಬರಿಗೆ ಅದರ ಅರ್ಧದ ಸ್ಪರ್ಧೆ ಇರುತ್ತದೆ: 750 ಮೀಟರ್, 20 ಕಿಲೋಮೀಟರ್, 5 ಕಿಲೋಮೀಟರ್. ಡಿಸೆಂಬರಿನಲ್ಲಿ ನಡೆಯುವ ಅಂಥದೊಂದಕ್ಕೆ ನಾನು ಹೆಸರು ಕೊಟ್ಟಿದ್ದೆ. ವಯಸ್ಸು ನಲವತ್ತೈದು. ರಕ್ತದಲ್ಲಿ ಸಕ್ಕರೆ ಗಡಿಗೆ ಬಂದಿದೆ ಎಂದು ಡಾಕ್ಟರು ಹೇಳಿದ್ದರು. ಮನೆಯಲ್ಲಿ ಯಾರೂ ತಡೆಯಲಿಲ್ಲ. ಹದಿನೈದು ದಿನದಲ್ಲಿ ಹುರುಪು ಇಳಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಹುರುಪು ಇಳಿಯಿತು ಕೂಡ. ಹದಿನೈದಲ್ಲ, ಹನ್ನೊಂದನೆಯ ದಿನಕ್ಕೆ. ಆಮೇಲಿನ ತಿಂಗಳುಗಳಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ರಸ್ತೆಗಳಲ್ಲಿ ನಾನು ಏನು ಕಲಿತೆ ಎಂಬುದೇ ಈ ಬರಹ. ಇದು ಓದುವ ಮಕ್ಕಳಿಗೂ ಅವರ ತಂದೆ ತಾಯಿಗೂ ಕೆಲಸಕ್ಕೆ ಬರಬಹುದು.

ಸೇಡಂ: ಬಿಸಿಲಿನ ಪಾಠ

ಸೇಡಂನಿಂದ ಕಲಬುರಗಿ ದಾರಿ ಹಿಡಿದರೆ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಕಾಗಿಣಾ ನದಿಯ ದಂಡೆಯ ಮೇಲೆ ಕೋಟೆಯ ಗೋಡೆಗಳು ಇನ್ನೂ ನಿಂತಿವೆ. ನದಿಯಾಚೆ ಟೀಕಾಚಾರ್ಯರೆಂದು ಹೆಸರಾದ ಜಯತೀರ್ಥರ ಬೃಂದಾವನ, ಊರೊಳಗೆ ಜೈನ ಬಸದಿ. ಕೋಟೆಯ ಬಾಗಿಲವರೆಗೆ ಹೋಗಿ ತಿರುಗಿ ಬರುವುದು ನನ್ನ ವಾರದ ದೊಡ್ಡ ಸವಾರಿಯಾಯಿತು.

ಅಲ್ಲಿ ಕುಳಿತು ನೀರು ಕುಡಿಯುವಾಗಲೆಲ್ಲ ಅಮೋಘವರ್ಷ ನೆನಪಾಗುತ್ತಿದ್ದ. ಪಟ್ಟಕ್ಕೆ ಬಂದಾಗ ಅವನಿನ್ನೂ ಹುಡುಗ. ಸಾಮಂತರು ತಿರುಗಿಬಿದ್ದರು, ಸಿಂಹಾಸನ ಅಲುಗಾಡಿತು. ಆದರೂ ಅರವತ್ತು ವರ್ಷಕ್ಕೂ ಮೀರಿ ಆಳಿದ. ‘ಕವಿರಾಜಮಾರ್ಗ’ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯನೂ ಅವನ ಕಾಲದವನೇ. ಗಣಿತ ಎಂದರೆ ಮುಖ ತಿರುಗಿಸುವ ನಮ್ಮ ಮಕ್ಕಳು ಒಂದು ಸಲವಾದರೂ ಈ ಕೋಟೆಯನ್ನು ನೋಡಬೇಕು.

ಮಾರ್ಚ್ ಮುಗಿಯುತ್ತಲೇ ಬಿಸಿಲು ತನ್ನ ಬಣ್ಣ ತೋರಿಸಿತು. ನಮ್ಮ ಜಿಲ್ಲೆಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಾವೇ ನಗುತ್ತೇವೆ. ಮೇ ತಿಂಗಳಲ್ಲಿ 42 ಡಿಗ್ರಿ ಇಲ್ಲಿ ಸುದ್ದಿಯಲ್ಲ. ಹೊಸ ಹುರುಪಿನಲ್ಲಿ ಒಂದು ದಿನ ಎಂಟು ಗಂಟೆಯ ಬಿಸಿಲಲ್ಲಿ ಓಡಲು ಹೋದೆ. ಅರ್ಧ ದಾರಿಯಲ್ಲಿ ಕಣ್ಣು ಕತ್ತಲೆಗಟ್ಟಿ ತೊಗರಿ ಹೊಲದ ಬದುವಿನ ಬೇವಿನ ಗಿಡದ ಕೆಳಗೆ ಕುಳಿತೆ. ದನ ಹೊಡೆದುಕೊಂಡು ಹೋಗುತ್ತಿದ್ದ ಮುದುಕರೊಬ್ಬರು ತಮ್ಮ ಬುತ್ತಿಯ ಮಜ್ಜಿಗೆ ಕೊಟ್ಟು, “ಬಿಸಲಿನ ಜೋಡಿ ಪಂದ್ಯ ಕಟ್ಟಬಾರದ್ರಿ ತಮ್ಮ” ಎಂದರು.

ಅವರು ಹೇಳಿದ್ದನ್ನೇ ಶರೀರಶಾಸ್ತ್ರವೂ ಹೇಳುತ್ತದೆ. ಬಿಸಿಲಿನಲ್ಲಿ ದುಡಿಯಲು ಮೈ ಒಗ್ಗಿಕೊಳ್ಳಬೇಕಾದರೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಆ ಅವಧಿಯಲ್ಲಿ ಬೆವರು ಬೇಗ ಮತ್ತು ಹೆಚ್ಚು ಬರತೊಡಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ, ಎದೆಯ ಬಡಿತ ಹತೋಟಿಗೆ ಬರುತ್ತದೆ. ದಿನಕ್ಕಿಷ್ಟೇ ಎಂದು ಸ್ವಲ್ಪ ಸ್ವಲ್ಪ ಏರಿಸಬೇಕು. ತಲೆ ಸುತ್ತಿದರೆ, ವಾಂತಿ ಬಂದಂತಾದರೆ, ಮಾತು ತೊದಲಿದರೆ ಅಲ್ಲಿಗೆ ನಿಲ್ಲಿಸಿ ನೆರಳಿಗೆ ಬಂದು ಮೈಗೆ ತಣ್ಣೀರು ಹಾಕಿಕೊಳ್ಳಬೇಕು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅಂದಿನಿಂದ ನನ್ನ ಅಭ್ಯಾಸ ಏಳು ಗಂಟೆಯೊಳಗೆ ಮುಗಿಯತೊಡಗಿತು. ಜತೆಗೊಂದು ಬಾಟಲಿಯಲ್ಲಿ ಉಪ್ಪು ಹಾಕಿದ ಮಜ್ಜಿಗೆ.

ಚಿತ್ತಾಪುರ: ಆರು ಮಂದಿ ಪುಸ್ತಕ ಭಂಡಾರಿಗರು

ಜೂನ್ ತಿಂಗಳ ಮೊದಲ ಮಳೆಗೆ ಎರೆ ಹೊಲಗಳು ಕರಿ ಕಂಬಳಿ ಹಾಸಿದಂತೆ ಕಂಡವು. ರಸ್ತೆಯ ಮೇಲಿನ ಸಿಮೆಂಟಿನ ಬಿಳಿ ಧೂಳು ತೊಳೆದುಹೋಯಿತು. ಲಾರಿಗಳು ಹೆಚ್ಚಾಗುವ ಮುನ್ನ ಹೊರಟು ಚಿತ್ತಾಪುರ ಸೇರಿದ ದಿನ ನಾಗಾವಿಗೆ ಹೋದೆ. ಊರಿಗೆ ಅಂಟಿಕೊಂಡಂತೆಯೇ ಇದೆ. ಹನ್ನೊಂದನೆಯ ಶತಮಾನದಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಇಲ್ಲೊಂದು ದೊಡ್ಡ ಘಟಿಕಾಸ್ಥಾನ ಇತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ವಸತಿ ಕಾಲೇಜು. ಅರವತ್ತು ಕಂಬದ ಗುಡಿಯ ನೆರಳಿನಲ್ಲಿ ಈಗ ಪಾರಿವಾಳಗಳ ಸಪ್ಪಳ ಬಿಟ್ಟರೆ ಬೇರೆ ಪಾಠವಿಲ್ಲ.

ನಾಗಾವಿಯ ಶಾಸನದಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಒಂದು ವಿವರ. ವಿದ್ಯಾರ್ಥಿಗಳ ಊಟ ವಸತಿಗೆ ಏರ್ಪಾಟು, ಪಾಠ ಹೇಳುವವರಿಗೆ ಭೂಮಿ, ಅದರ ಜತೆಗೆ ಪುಸ್ತಕ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು. ಒಂಬೈನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಊರಿನವರು ಓದನ್ನು ಹುಡುಗರ ಹುರುಪಿಗೆ ಬಿಟ್ಟಿರಲಿಲ್ಲ. ಇಂಥ ಹೊತ್ತಿಗೆ ಊಟ, ಇಂಥ ಕಡೆ ಪುಸ್ತಕ, ಇಂಥವರಿಂದ ಪಾಠ ಎಂದು ಕಟ್ಟುಮಾಡಿದ್ದರು. ಮನಸ್ಸು ಇದ್ದ ದಿನವೂ ಇಲ್ಲದ ದಿನವೂ ಓದು ನಡೆಯಬೇಕಾದರೆ ಕಟ್ಟು ಬೇಕು.

ಮನೆಗೆ ಬಂದು ಅಡುಗೆಮನೆಯ ಗೋಡೆಯ ಕ್ಯಾಲೆಂಡರನ್ನು ಕೆಳಗಿಳಿಸಿದೆ. ಪ್ರತಿ ತಾರೀಖಿನ ಕೆಳಗೆ ಪೆನ್ಸಿಲಿನಿಂದ ಮೂರು ಸಣ್ಣ ಮನೆ ಬರೆದೆ: ಈಜು, ಸೈಕಲ್, ಓಟ. ಮಾಡಿದ ದಿನ ಗುರುತು, ಮಾಡದ ದಿನ ಖಾಲಿ. ಎರಡನೇ ಪಿ.ಯು.ಗೆ ಕಾಲಿಟ್ಟಿದ್ದ ಮಗಳು ಅದನ್ನು ನೋಡಿ ಪಕ್ಕದಲ್ಲಿ ತನ್ನ ನಾಲ್ಕು ಮನೆ ಬರೆದುಕೊಂಡಳು: ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ. ಮೊದಲ ವರ್ಷ ಗಣಿತವನ್ನು ಅವಳು ಹೇಗೋ ಏದುಸಿರು ಬಿಡುತ್ತ ದಾಟಿದ್ದಳು.

ಒಂದು ರೂಢಿ ಮೈಗೂಡಲು ಇಪ್ಪತ್ತೊಂದು ದಿನ ಸಾಕು ಎಂಬ ಮಾತನ್ನು ನಾನೂ ತರಗತಿಯಲ್ಲಿ ಹೇಳಿದ್ದುಂಟು. ಅದು ತಪ್ಪು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಸರಾಸರಿ 66 ದಿನ. ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನ ಬೇಕು ಎಂದು ಲೆಕ್ಕ ಬಂತು. ಸಮಾಧಾನದ ಸಂಗತಿಯೆಂದರೆ, ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ತಪ್ಪಿದ ಮರುದಿನವೂ ತಪ್ಪಿಸುವುದೇ ನಮ್ಮ ಶತ್ರು. ಮಗ ಹತ್ತು ದಿನ ಓದಿ ಹನ್ನೊಂದನೆಯ ದಿನ ಆಟಕ್ಕೆ ಹೋದರೆ ‘ಎಲ್ಲಾ ಮುಗೀತು’ ಎಂದು ಕೂಗಾಡುವ ತಂದೆ ತಾಯಿ ಈ ಮಾತನ್ನು ನೆನಪಿಡುವುದು ಒಳ್ಳೆಯದು.

ನಾವಿಬ್ಬರೂ ಒಂದು ಕರಾರು ಮಾಡಿಕೊಂಡೆವು. ಬೇಸರವಿದ್ದರೂ ಐದು ನಿಮಿಷ ಶುರು ಮಾಡಬೇಕು. ಅವಳು ಪುಸ್ತಕ ತೆರೆಯಬೇಕು, ನಾನು ಬೂಟು ಕಟ್ಟಿ ಗಲ್ಲಿಯ ತಿರುವಿನವರೆಗೆ ಹೋಗಬೇಕು. ಆಮೇಲೂ ಬೇಡವೆನಿಸಿದರೆ ಬಿಟ್ಟುಬಿಡಬಹುದು, ಯಾರೂ ಕೇಳುವಂತಿಲ್ಲ. ಐದು ತಿಂಗಳಲ್ಲಿ ತಿರುವಿನಿಂದ ಹಿಂದಕ್ಕೆ ಬಂದದ್ದು ನಾಲ್ಕೇ ಸಲ.

ವಾಡಿ: ಹಳಿ ಬದಲಾಗುವ ಜಾಗ

ವಾಡಿಯ ಹೆಸರು ಕೇಳದ ರೈಲು ಪ್ರಯಾಣಿಕರು ನಮ್ಮ ಕಡೆ ಇಲ್ಲ. ಮುಂಬಯಿಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೊರಟಿತು. ಅಂದಿನಿಂದ ಇದು ಜಂಕ್ಷನ್ನು. 1968ರಲ್ಲಿ ಸಿಮೆಂಟ್ ಕಾರ್ಖಾನೆ ಬಂದ ಮೇಲೆ ಊರು ಇನ್ನೂ ಬೆಳೆಯಿತು. ರಾತ್ರಿಯಿಡೀ ಗೂಡ್ಸ್ ಗಾಡಿಗಳ ಸದ್ದು ನಿಲ್ಲುವುದಿಲ್ಲ.

ಪ್ಲಾಟ್‌ಫಾರಂ ಪಕ್ಕದಲ್ಲಿ ಸೈಕಲ್ ನಿಲ್ಲಿಸಿ ಪೂರಿ ಭಾಜಿ ತಿನ್ನುತ್ತಿದ್ದಾಗ ಹೊಳೆಯಿತು: ಟ್ರಯಥ್ಲಾನಿನಲ್ಲಿಯೂ ಇಂಥ ಎರಡು ಜಂಕ್ಷನ್ನುಗಳಿವೆ. ನೀರಿನಿಂದ ಎದ್ದು ಸೈಕಲ್ ಹತ್ತುವುದು ಒಂದು, ಸೈಕಲ್ ಇಳಿದು ಓಟಕ್ಕೆ ಹೊರಡುವುದು ಇನ್ನೊಂದು. ಆಗ ಗಡಿಯಾರ ನಿಲ್ಲುವುದಿಲ್ಲ. ಒದ್ದೆ ಕಾಲಿಗೆ ಬೂಟು ಹತ್ತದೆ ಒದ್ದಾಡಿದ ನಿಮಿಷವೂ ಲೆಕ್ಕಕ್ಕೆ ಸೇರುತ್ತದೆ. ಸೈಕಲ್ ಇಳಿದ ಕೂಡಲೇ ಓಡಲು ಹೋದರೆ ಕಾಲು ತನ್ನದಲ್ಲ ಎನಿಸುತ್ತದೆ. ತೊಡೆಗೆ ಕಲ್ಲು ಕಟ್ಟಿದಂತೆ ಭಾರ. ಅದಕ್ಕೆಂದೇ ಸೈಕಲ್ ಮತ್ತು ಓಟವನ್ನು ಬೆನ್ನುಬೆನ್ನಿಗೆ ಮಾಡುವ ಅಭ್ಯಾಸವಿದೆ. ಇಂಗ್ಲಿಷರು ಅದಕ್ಕೆ ‘ಇಟ್ಟಿಗೆ’ ಎಂದು ಹೆಸರಿಟ್ಟಿದ್ದಾರೆ. ಅವರು ನಮ್ಮ ಕಡೆ ಬಂದಿದ್ದರೆ ‘ಫರಸಿ’ ಎನ್ನುತ್ತಿದ್ದರು!

ಮಕ್ಕಳ ಓದಿನಲ್ಲಿಯೂ ಹೊತ್ತು ಸೋರುವುದು ಇಂಥ ಜಂಕ್ಷನ್ನುಗಳಲ್ಲೇ. ಒಂದು ವಿಷಯ ಮುಗಿಸಿ ಇನ್ನೊಂದಕ್ಕೆ ಕೂಡುವ ನಡುವೆ ಮೊಬೈಲು ಕೈಗೆ ಬಂದರೆ ಗಾಡಿ ಸಿಗ್ನಲ್ಲಿನಲ್ಲಿ ನಿಂತಂತೆಯೇ. ಮುಂದಿನ ಪುಸ್ತಕವನ್ನು ಮೊದಲೇ ತೆರೆದಿಟ್ಟಿರುವುದು, ಬೂಟನ್ನು ರಾತ್ರಿಯೇ ಬಾಗಿಲ ಬಳಿ ಇಟ್ಟಿರುವುದು, ಎರಡೂ ಒಂದೇ ಬಗೆಯ ಜಾಣತನ.

ರೈಲಿನ ಮಾತು ಬಂದಾಗ ರೈಲ್ವೆಯವರೊಬ್ಬರನ್ನು ನೆನೆಯಬೇಕು. ನೈರುತ್ಯ ರೈಲ್ವೆಯ ಲೆಕ್ಕಪತ್ರ ವಿಭಾಗದ ಅಧಿಕಾರಿಯಾಗಿದ್ದ ಶ್ರೇಯಸ್ ಹೊಸೂರ್ ಅವರು 2022ರ ಜೂನಿನಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ‘ಐರನ್‌ಮ್ಯಾನ್’ ಸ್ಪರ್ಧೆ ಮುಗಿಸಿದರು. ಅದು ಟ್ರಯಥ್ಲಾನಿನ ದೊಡ್ಡಣ್ಣ: 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, 42.2 ಕಿಲೋಮೀಟರ್ ಓಟ. 1978ರಲ್ಲಿ ಹವಾಯಿ ದ್ವೀಪದಲ್ಲಿ ಅದು ಮೊದಲ ಸಲ ನಡೆದಾಗ ಹೊರಟವರು 15 ಮಂದಿ, ಮುಗಿಸಿದವರು 12. ಕಚೇರಿಯ ಕೆಲಸ ಮಾಡುವವರಿಗೂ ಇದು ಸಾಧ್ಯ ಎಂಬ ಧೈರ್ಯಕ್ಕಾಗಿ ಇಂಥವರ ಸುದ್ದಿ ಓದಬೇಕು. ಆದರೆ ಹೊಸಬರು ಅವರ ದೂರವನ್ನು ನೋಡಿ ಹೆದರಬೇಕಿಲ್ಲ, ಮೊದಲ ದಿನವೇ ಅವರ ಹಾಗೆ ಹೊರಡಬೇಕಾಗಿಯೂ ಇಲ್ಲ.

ವಾಡಿಯಿಂದ ಮರಳಿದ ರಾತ್ರಿ ಕ್ಯಾಲೆಂಡರಿನಲ್ಲಿ ಸೈಕಲ್ ಮತ್ತು ಓಟದ ಮನೆಗಳಲ್ಲಿ ದೊಡ್ಡ ಗುರುತು ಹಾಕಿದೆ. ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. “ಅಪ್ಪಾ, ಈಜಿನ ಮನಿ ತಿಂಗಳಿಡೀ ಖಾಲಿ ಅದ ಅಲ್ಲ? ಬರೋದನ್ನೇ ಮತ್ತ ಮತ್ತ ಮಾಡ್ಲಾಕತ್ತಿ ನೀ” ಎಂದಳು.

ನಾನು ಅವಳ ಸಾಲು ನೋಡಿದೆ. ಜೀವಶಾಸ್ತ್ರದ ಮನೆ ಒಂದೂ ಖಾಲಿ ಇರಲಿಲ್ಲ. ಗಣಿತದ ಸಾಲಿನಲ್ಲಿ ಎರಡೇ ಗುರುತು. ಅವಳೂ ಅದನ್ನೇ ನೋಡುತ್ತಿದ್ದಳು. ಇಬ್ಬರೂ ಏನೂ ಮಾತಾಡಲಿಲ್ಲ.

ಶಹಾಬಾದ್: ನೀರು ನಿಂತ ಖಣಿ

ಈಜಿನ ಮನೆ ಖಾಲಿ ಇದ್ದುದಕ್ಕೆ ಕಾರಣ ಶಹಾಬಾದಿನಲ್ಲಿತ್ತು.

ನನ್ನ ಸೋದರಮಾವನ ಮನೆ ಅಲ್ಲಿ. ಏಳನೆಯ ತರಗತಿಯವರೆಗೆ ಬೇಸಿಗೆ ರಜೆಯೆಂದರೆ ನನಗೆ ಶಹಾಬಾದೇ. ಊರಿನ ಸುತ್ತ ಕಲ್ಲಿನ ಖಣಿಗಳು. ಭೀಮಾ ಸೀಮೆಯ ಈ ಸುಣ್ಣಕಲ್ಲು ಬಹಳ ಹಿಂದೆ ಸಮುದ್ರದ ತಳದಲ್ಲಿ ಹೂಳು ಕೂತು ಪದರಪದರವಾಗಿ ಹುಟ್ಟಿದ್ದು. ಅದಕ್ಕೇ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ. ದೇಶದ ಎಷ್ಟೋ ಊರುಗಳ ಮನೆ, ಶಾಲೆ, ಆಸ್ಪತ್ರೆಗಳಲ್ಲಿ ಶಹಾಬಾದ್ ಫರಸಿಯ ಮೇಲೆ ಜನ ನಡೆದಾಡಿದ್ದಾರೆ. ನಮ್ಮ ಕಡೆ ನೆಲಕ್ಕಷ್ಟೇ ಅಲ್ಲ, ಮಾಳಿಗೆಗೂ ಅದೇ ಕಲ್ಲು. ಖಣಿಯಲ್ಲಿ ಕಲ್ಲು ಬಿಡಿಸುವವರನ್ನು ಗಂಟೆಗಟ್ಟಲೆ ನೋಡುತ್ತ ನಿಲ್ಲುತ್ತಿದ್ದೆವು. ಅವರು ಒಂದೇ ಏಟಿಗೆ ಒಡೆಯುತ್ತಿರಲಿಲ್ಲ. ಪದರದ ಸಂದಿಗೆ ಉಳಿ ಇಟ್ಟು ಉದ್ದಕ್ಕೂ ಒಂದೇ ಹದದಲ್ಲಿ ಬಡಿಯುತ್ತ ಹೋಗುತ್ತಿದ್ದರು. ಎಷ್ಟೋ ಹೊತ್ತು ಏನೂ ಆಗದಂತೆ ಕಾಣುತ್ತಿತ್ತು. ಆಮೇಲೆ ಇಡೀ ಹಾಸು ಮೆಲ್ಲಗೆ ಎದ್ದು ಬರುತ್ತಿತ್ತು.

ಕೆಲಸ ನಿಂತ ಖಣಿಗಳಲ್ಲಿ ಮಳೆನೀರು ತುಂಬಿಕೊಳ್ಳುತ್ತದೆ. ಹಸಿರು ಬಣ್ಣ, ತಣ್ಣಗಿನ ನೀರು. ಬಿಸಿಲ ನಾಡಿನ ಹುಡುಗರಿಗೆ ಅದಕ್ಕಿಂತ ದೊಡ್ಡ ಆಸೆ ಯಾವುದಿದೆ? ನಾವು ಐವರು ಹೋಗಿದ್ದೆವು. ನನಗೆ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಕಲಿತ ಈಜು ಅಷ್ಟಿಷ್ಟು ಬರುತ್ತಿತ್ತು. ನನ್ನ ಗೆಳೆಯನಿಗೆ ಬರುತ್ತಿರಲಿಲ್ಲ. ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಯಾವಾಗ ಜಾರಿದನೋ ಯಾರೂ ನೋಡಲಿಲ್ಲ. ಖಣಿಗೆ ಕೆರೆಯಂತೆ ಇಳಿಜಾರು ಇರುವುದಿಲ್ಲ. ಗೋಡೆಯಂತೆ ನೆಟ್ಟಗೆ ಕೊರೆದ ಕಲ್ಲು, ಮೊದಲ ಹೆಜ್ಜೆಯಿಂದಲೇ ಆಳ, ಹತ್ತಲು ಹಿಡಿತವಿಲ್ಲ. ನಾವು ಕೂಗಿದೆವು, ಓಡಿದೆವು. ದೊಡ್ಡವರು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಂದಿನಿಂದ ಮೂವತ್ತಕ್ಕೂ ಹೆಚ್ಚು ವರ್ಷ ನಾನು ಸೊಂಟಕ್ಕಿಂತ ಮೇಲಿನ ನೀರಿಗೆ ಇಳಿದಿರಲಿಲ್ಲ.

ಇದನ್ನು ಮಗಳಿಗೆ ಹೇಳಿರಲಿಲ್ಲ. ಕ್ಯಾಲೆಂಡರಿನ ಮುಂದೆ ನಿಂತ ಆ ರಾತ್ರಿ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರ ಕಲಿಸೋರ ಕಡಿಂದ ಕಲಿಯಪ್ಪಾ” ಎಂದಳು. ಬಿಡು ಎನ್ನಲಿಲ್ಲ.

ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಕಲಬುರಗಿಯ ಬಸ್ಸು ಹತ್ತಿದೆ. ಈಜುಕೊಳದಲ್ಲಿ ಕಲಿಸುವ ಹುಡುಗ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವನು. ಮೊದಲ ದಿನ ಕಂಬಿ ಹಿಡಿದು ಮುಖ ಮುಳುಗಿಸಿ ನೀರಿನಲ್ಲಿ ಉಸಿರು ಬಿಡುವುದಷ್ಟೇ ಪಾಠ. ಮೂಗಿನ ಮುಂದೆ ಗುಳ್ಳೆಗಳೇಳುವಾಗ ನನಗೆ ಖಣಿಯ ಹಸಿರು ನೀರೇ ಕಾಣುತ್ತಿತ್ತು. ಎರಡು ಸಲ ಹೊರಗೆ ಬಂದು ಕೂತೆ. ಅವನು ಕಾರಣ ಕೇಳಲಿಲ್ಲ. “ನೀರಿನ ಜೋಡಿ ಜಗಳಾಡಬ್ಯಾಡ್ರಿ ಸರ್, ಉಸಿರು ಪೂರಾ ಬಿಡ್ರಿ. ಆಮ್ಯಾಲ ತೇಲೋದು ತಾನೇ ಬರ್ತದ” ಎಂದ.

ಮೊದಲ ಮೂರು ವಾರ 25 ಮೀಟರಿನ ಕೊಳವನ್ನು ಒಮ್ಮೆಯೂ ದಾಟಲಿಲ್ಲ. ಕೈ ಬೀಸುವುದರಲ್ಲಿ ಬಲವಿತ್ತು, ಉಸಿರಿನಲ್ಲಿ ಲಯವಿರಲಿಲ್ಲ. ಈಜಿನಲ್ಲಿ ಹೊಸಬರು ಸೋಲುವುದು ಇಲ್ಲೇ. ಮುಖ ನೀರಿನಲ್ಲಿದ್ದಾಗ ಉಸಿರು ಹಿಡಿದುಕೊಂಡು, ತಲೆ ಎತ್ತಿದಾಗ ಬಿಟ್ಟು ಎಳೆದುಕೊಳ್ಳುವ ಎರಡೂ ಕೆಲಸ ಮಾಡಲು ಹೋಗುತ್ತಾರೆ. ತಲೆ ಎತ್ತಿದರೆ ಸೊಂಟ ಮುಳುಗುತ್ತದೆ, ಸೊಂಟ ಮುಳುಗಿದರೆ ಕಾಲು ಎಳೆಯುತ್ತದೆ. ಪಕ್ಕಕ್ಕೆ ಹೊರಳಿ ಉಸಿರು ತೆಗೆದುಕೊಳ್ಳುವುದು ಬಂದ ದಿನ ಕೊಳ ಚಿಕ್ಕದಾಯಿತು. 750 ಮೀಟರ್ ಎಂದರೆ ಆ ಕೊಳದ ಮೂವತ್ತು ಉದ್ದ. ಒಂದು, ಎರಡು, ನಾಲ್ಕು, ಏಳು ಎಂದು ವಾರವಾರ ಸೇರಿಸುತ್ತ ಹೋದೆ. ಉಳಿಯ ಏಟು ಮತ್ತೆ ಮತ್ತೆ ನೆನಪಾಗುತ್ತಿತ್ತು. ದಸರೆ ಕಳೆದ ಮೊದಲ ಭಾನುವಾರ ಮೂವತ್ತನೆಯ ಸಲ ಗೋಡೆ ಮುಟ್ಟಿದೆ. ಬಸ್ಸಿನಲ್ಲಿ ಬರುವಾಗ ಮಗಳಿಗೆ ಫೋನು ಮಾಡಿದರೆ ಅವಳು ಹೇಳಿದ್ದು ಒಂದೇ ಮಾತು: “ಅನುಕಲನದ ಹನ್ನೆರಡು ಲೆಕ್ಕ ಆದ್ವು ಅಪ್ಪಾ, ಮೂರು ತಪ್ಪವ.” ತಪ್ಪನ್ನೂ ಸೇರಿಸಿ ಹೇಳಿದಳಲ್ಲ, ಅದು ನನ್ನ ಮೂವತ್ತು ಉದ್ದಕ್ಕಿಂತ ದೊಡ್ಡದೆನಿಸಿತು.

ತಂದೆ ತಾಯಿಗೆ ಇಲ್ಲೊಂದು ಮಾತು ಹೇಳಲೇಬೇಕು. ಹುಡುಗರನ್ನು ನೀರಿನಿಂದ ದೂರ ಇಡುವುದು ಆಗದ ಕೆಲಸ. ನಾನು ಮೂವತ್ತು ವರ್ಷ ದೂರ ಇದ್ದು ಕಲಿತದ್ದೇನೂ ಇಲ್ಲ. ಹಾಳು ಖಣಿ, ತುಂಬಿದ ನದಿ, ಗುರುತಿಲ್ಲದ ಕೆರೆಗಳಿಗೆ ಖಂಡಿತ ಬಿಡಬೇಡಿ. ಆದರೆ ಕಾವಲಿರುವ ಕೊಳದಲ್ಲಿ, ಕಲಿಸುವವರ ಕೈಯಲ್ಲಿ ಈಜು ಕಲಿಸಿ. ನೀರನ್ನು ಪರೀಕ್ಷಿಸದೆ ಇಳಿಯಬಾರದೆಂಬುದು ಎಷ್ಟು ದೊಡ್ಡವರಿಗೂ ಅನ್ವಯಿಸುವ ನಿಯಮ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸೆನ್ ನದಿಯ ನೀರು ಶುದ್ಧವಿಲ್ಲವೆಂದು ಪುರುಷರ ಟ್ರಯಥ್ಲಾನನ್ನೇ ಒಂದು ದಿನ ಮುಂದೂಡಿದರು.

ಚಿಂಚೋಳಿ: ಬೆನ್ನು ಹತ್ತಿದವರು ಯಾರು?

ಕೊನೆಯ ದೊಡ್ಡ ಓಟಕ್ಕೆ ಚಿಂಚೋಳಿಯನ್ನು ಆರಿಸಿಕೊಂಡೆ. ಬಯಲು ನೋಡಿ ದಣಿದ ಕಣ್ಣಿಗೆ ಇಲ್ಲಿನ ಗುಡ್ಡ, ತೇಗದ ಕಾಡು ಹಬ್ಬದಂತೆ. 2011ರಲ್ಲಿ ಈ ಕಾಡಿನ ಒಂದು ಭಾಗವನ್ನು ವನ್ಯಜೀವಿ ಧಾಮವೆಂದು ಘೋಷಿಸಿದರು. ಬಯಲುಸೀಮೆಯ ಒಣಭೂಮಿಯಲ್ಲಿ ಇಂಥ ಧಾಮ ದಕ್ಷಿಣ ಭಾರತಕ್ಕೇ ಮೊದಲನೆಯದು. ತೋಳ, ಕತ್ತೆಕಿರುಬಗಳಿಗೆ ಇದು ಮನೆ. ನಡುವೆ ಚಂದ್ರಂಪಳ್ಳಿ ಜಲಾಶಯ, ಮಳೆಗಾಲದಲ್ಲಿ ಎತ್ತಿಪೋತ ಜಲಪಾತ, ಅಲ್ಲಲ್ಲಿ ಲಂಬಾಣಿ ತಾಂಡಾಗಳು.

ಮಗಳೂ ಜತೆಗೆ ಬಂದಳು, ಸೈಕಲ್ಲಿನ ಮೇಲೆ. ಧಾಮದ ಒಳಗೆ ಹೋಗದೆ ಹೊರಗಿನ ಡಾಂಬರು ರಸ್ತೆಯಲ್ಲೇ ಓಡಿದೆ. ಮಂಜು ಇನ್ನೂ ಗುಡ್ಡದ ಸೆರಗು ಬಿಟ್ಟಿರಲಿಲ್ಲ. ತೊಗರಿ ಹೂವಿನ ಹಳದಿ ರಸ್ತೆಯವರೆಗೆ ಬಂದಿತ್ತು. ಎರಡನೆಯ ಏರಿನಲ್ಲಿ ಉಸಿರು ಕಟ್ಟಿ ನಡೆಯತೊಡಗಿದೆ. ತಲೆಯ ಮೇಲೆ ಎರಡು ಕೊಡ ಹೊತ್ತು ಬರುತ್ತಿದ್ದ ತಾಂಡಾದ ಅಜ್ಜಿಯೊಬ್ಬರು ನಿಂತು, “ಯಾರು ಬೆನ್ನ ಹತ್ಯಾರೋ ಯಪ್ಪಾ ನಿನಗ?” ಎಂದು ಕೇಳಿದರು. ಮಗಳು ನಕ್ಕು, “ಡಾಕ್ಟರ್ ಬೆನ್ನ ಹತ್ಯಾರಬೇ” ಎಂದಳು. ಅಜ್ಜಿ ಕೊಡ ತುಳುಕದಂತೆ ನಗುತ್ತ ಏರು ಹತ್ತಿ ಹೋದರು. ದಿನಕ್ಕೆ ನಾಲ್ಕು ಸಲ ಹತ್ತುತ್ತಾರಂತೆ. ಅವರ ಮನೆಯಲ್ಲಿ ಗುರುತು ಹಾಕುವ ಕ್ಯಾಲೆಂಡರೇನೂ ಇರಲಿಕ್ಕಿಲ್ಲ. ನಾನೂ ಓಟ ಶುರು ಮಾಡಿದೆ.

ಐದು ಕಿಲೋಮೀಟರಿನ ಕೊನೆಗೆ ಕಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಗಣಿತದ ಬಗ್ಗೆ ನಾನು ಕೇಳಲಿಲ್ಲ. ಅವಳೇ ಹೇಳಿದಳು, ಈಗಲೂ ಗಣಿತ ಸೇರುವುದಿಲ್ಲವಂತೆ, ಆದರೆ ಹೆದರಿಕೆ ಇಲ್ಲವಂತೆ. ನನಗೂ ನೀರು ಹಾಗೆಯೇ ಎಂದೆ. ಈಗಲೂ ಕೊಳಕ್ಕೆ ಇಳಿಯುವ ಮುನ್ನ ಕಂಬಿ ಹಿಡಿದು ಒಂದು ನಿಮಿಷ ನಿಲ್ಲುತ್ತೇನೆ. ಆಮೇಲೆ ಇಳಿಯುತ್ತೇನೆ.

ಊರಿಗೆ ಮರಳುವ ಮುನ್ನ ಅವಳಿಗೆ ಶಹಾಬಾದಿನ ಆ ಖಣಿಯನ್ನು ದೂರದಿಂದ ತೋರಿಸಿದೆ. ಈಗ ಸುತ್ತ ಜಾಲಿ ಬೆಳೆದಿದೆ, ನೀರು ಮಾತ್ರ ಅದೇ ಹಸಿರು. ದಂಡೆಗೆ ಹೋಗಲಿಲ್ಲ. ಸ್ವಲ್ಪ ಹೊತ್ತು ನಿಂತು ಬಂದೆವು.

ನನ್ನ ಸ್ಪರ್ಧೆ ಡಿಸೆಂಬರಿನಲ್ಲಿ, ಅವಳ ಪರೀಕ್ಷೆ ಅದಾದ ಮೇಲೆ. ನಾನು ಮುಗಿಸುತ್ತೇನೋ ಇಲ್ಲವೋ, ಅವಳಿಗೆ ಎಷ್ಟು ಅಂಕ ಬರುತ್ತದೋ ಇಬ್ಬರಿಗೂ ತಿಳಿಯದು. ನಿನ್ನೆ ರಾತ್ರಿ ನವೆಂಬರಿನ ಹಾಳೆ ತಿರುವುವ ಮುನ್ನ ಎಣಿಸಿದೆವು. ಈಜಿನ ಸಾಲಿನಲ್ಲಿ ಒಂಬತ್ತು ಗುರುತು, ಗಣಿತದ ಸಾಲಿನಲ್ಲಿ ಇಪ್ಪತ್ತೆರಡು. ಅವಳು ಡಿಸೆಂಬರಿನ ಮನೆಗಳನ್ನು ಬರೆಯುವಾಗ ಸಾಲುಗಳ ಕ್ರಮ ಬದಲಿಸಿದ್ದಳು. ಈಗ ಮೊದಲ ಸಾಲು ಈಜು, ಅದರ ಪಕ್ಕದಲ್ಲೇ ಗಣಿತ.

ಹೋಗುವವರಿಗೆ: ಸೇಡಂ ಮತ್ತು ಚಿತ್ತಾಪುರ ವಾಡಿ–ಸಿಕಂದರಾಬಾದ್ ರೈಲು ಮಾರ್ಗದಲ್ಲಿವೆ. ಶಹಾಬಾದ್ ಕಲಬುರಗಿ ಮತ್ತು ವಾಡಿಯ ನಡುವೆ ಸಿಗುತ್ತದೆ. ಚಿಂಚೋಳಿಗೆ ರೈಲಿಲ್ಲ, ಬಸ್ಸೇ ಗತಿ. ಸೈಕಲ್ಲಿನಲ್ಲಿ ಹೊರಡುವವರು ಹೆಲ್ಮೆಟ್, ಹಿಂದೆ ಮುಂದೆ ದೀಪ, ಪಂಕ್ಚರ್ ಸಾಮಾನು ಮರೆಯಬೇಡಿ, ಸಿಮೆಂಟ್ ಲಾರಿಗಳಿಗೆ ದಾರಿ ಬಿಡಿ. ಮಳೆಗಾಲದಲ್ಲಿ ಕಾಗಿಣಾ ಉಕ್ಕಿದರೆ ದಂಡೋತಿ ಮತ್ತು ಮಳಖೇಡದ ಸೇತುವೆಗಳ ಮೇಲೆ ನೀರು ಬರುವುದುಂಟು, ವಿಚಾರಿಸಿ ಹೊರಡಿ. ನವೆಂಬರಿನಿಂದ ಫೆಬ್ರುವರಿವರೆಗೆ ಹಿತವಾದ ಕಾಲ.